ಶಾಂತಿ ಸಭೆಯಲ್ಲಿ ನಮಗೂ ಕುರ್ಚಿ ಹಾಕಿಸಿ

ದಾವಣಗೆರೆ, ಚಿತ್ರದುರ್ಗ ಸೀಮೆಯ ಮಠಗಳ ಪೂಜ್ಯರಿಗೆ, ಮಸೀದಿಗಳ ಮುತವಲ್ಲಿಗಳಿಗೆ ಮತ್ತು ಮೌಲಾನಾ ಸಾಹೇಬರಿಗೆ, ಚರ್ಚುಗಳ ಫಾದರ್‌ಗಳಿಗೆ, ದೇವಸ್ಥಾನ ಸಮಿತಿಗಳ ಹಿರಿಯರಿಗೆ, ಹಟ್ಟಿಗಳ ಯಜಮಾನರಿಗೆ:

ಶರಣು, ಸಲಾಮು, ವಂದನೆ.

ನಾನು ಮೂವತ್ತೆಂಟು ವರ್ಷ ಸರ್ಕಾರಿ ಶಾಲೆಗಳಲ್ಲಿ ಕನ್ನಡ ಕಲಿಸಿ 2024ರಲ್ಲಿ ನಿವೃತ್ತಳಾದವಳು. ನಿಮ್ಮಲ್ಲಿ ಹಲವರ ಮಕ್ಕಳು, ಮೊಮ್ಮಕ್ಕಳು ನನ್ನ ಮುಂದೆ ಕಾಗುಣಿತ ತಿದ್ದಿದವರು. ಆ ಸಲುಗೆಯಿಂದ ಬರೆಯುತ್ತಿದ್ದೇನೆ. ಮಾತು ಕಟುವಾದರೆ ಆ ಮಕ್ಕಳ ಮುಖ ನೋಡಿ ಸಹಿಸಿಕೊಳ್ಳಿ.

ಕೆಲವು ವರ್ಷಗಳ ಹಿಂದೆ ಗಣೇಶನ ಹಬ್ಬವೂ ಈದ್ ಮಿಲಾದೂ ಹತ್ತಿರ ಹತ್ತಿರ ಬಂದಾಗ ಪೊಲೀಸ್ ಠಾಣೆಯೊಂದರಲ್ಲಿ ಶಾಂತಿ ಸಭೆ ಕರೆದಿದ್ದರು. ಯಾವ ಠಾಣೆ ಎಂದು ಹೇಳುವುದಿಲ್ಲ, ಅದು ಮುಖ್ಯವೂ ಅಲ್ಲ. ಶಾಲೆಯ ಪರವಾಗಿ ನನ್ನನ್ನು ಕರೆದರು. ಶಾಮಿಯಾನದ ಕೆಳಗೆ ನಲವತ್ತಕ್ಕೂ ಹೆಚ್ಚು ಗಂಡಸರು, ನಾನೊಬ್ಬಳೇ ಹೆಣ್ಣು. ಪ್ರಾರ್ಥನೆ ಹಾಡಿಸಿದರು. ಹಾಡಿ ಮುಗಿಸಿ ಹಿಂದಿನ ಸಾಲಿನಲ್ಲಿ ಕೂತೆ. ಮೆರವಣಿಗೆಯ ದಾರಿ, ಡಿಜೆ ಸದ್ದು, ಬಾವುಟ ಕಟ್ಟುವ ಕಂಬ, ಎಲ್ಲದರ ಮೇಲೂ ವಾಗ್ವಾದ ನಡೆಯಿತು. ಒಂದು ಗಳಿಗೆಯಲ್ಲಂತೂ ಎರಡೂ ಕಡೆಯವರು ಎದ್ದು ನಿಂತಿದ್ದರು. ಆಗ ಒಬ್ಬ ಹಿರಿಯರು ಕೈ ಎತ್ತಿ, "ನಮ್ಮ ಹೆಣ್ಣುಮಕ್ಕಳನ್ನು ನಾವು ಹದ್ದುಬಸ್ತಿನಲ್ಲಿ ಇಟ್ಟುಕೊಳ್ಳುತ್ತೇವೆ, ನಿಮ್ಮ ಹೆಣ್ಣುಮಕ್ಕಳನ್ನು ನೀವು ಇಟ್ಟುಕೊಳ್ಳಿ, ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ" ಎಂದರು. ಇಡೀ ಸಭೆ ಚಪ್ಪಾಳೆ ತಟ್ಟಿತು. ಬೆಳಗಿನಿಂದ ಯಾವ ಮಾತಿಗೂ ಒಪ್ಪದೆ ಇದ್ದವರು ಆ ಒಂದು ಮಾತಿಗೆ ಒಟ್ಟಾಗಿ ತಲೆಯಾಡಿಸಿದರು. ಟೀ ಬಂತು. ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿಕೊಂಡು ಫೋಟೊ ತೆಗೆಸಿಕೊಂಡರು.

ನಾನು ಟೀ ಕುಡಿಯದೆ ಮನೆಗೆ ಬಂದೆ. ಆ ಚಪ್ಪಾಳೆ ಇನ್ನೂ ನನ್ನ ಕಿವಿಯಲ್ಲಿದೆ.

ಪೂಜ್ಯರೇ, ಸಾಹೇಬರೇ, ನಿಮ್ಮ ಧರ್ಮಗಳ ನಡುವೆ ಎಷ್ಟೇ ದೂರವಿದ್ದರೂ ಒಂದು ಒಪ್ಪಂದವಿದೆ ಎಂದು ನನಗೆ ಅಂದು ಗೊತ್ತಾಯಿತು. ನಿಮ್ಮ ನಡುವಿನ ಗಡಿಕಲ್ಲು ನಾವು. ನಾವು ಏನು ಉಡುತ್ತೇವೆ, ಯಾರ ಜೊತೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಮಾತಾಡುತ್ತೇವೆ, ಯಾರನ್ನು ಮದುವೆಯಾಗುತ್ತೇವೆ, ತಿಂಗಳಿನ ಯಾವ ದಿನ ಯಾವ ಹೊಸ್ತಿಲು ದಾಟುತ್ತೇವೆ ಎಂಬುದೇ ನಿಮ್ಮ ಧರ್ಮ ಉಳಿದಿದೆಯೋ ಕೆಟ್ಟಿದೆಯೋ ಎಂಬುದರ ಅಳತೆ. ಗಡಿಕಲ್ಲನ್ನು ಯಾರೂ ಸಭೆಗೆ ಕರೆಯುವುದಿಲ್ಲ.

2022ರ ಫೆಬ್ರುವರಿ 8ನ್ನು ನೀವು ಯಾರೂ ಮರೆತಿರಲಾರಿರಿ. ಉಡುಪಿಯ ಕಾಲೇಜಿನಲ್ಲಿ ಶುರುವಾದ ಹಿಜಾಬಿನ ತಕರಾರು ಅಂದು ಹರಿಹರದ ಬೀದಿಗೆ ಬಂದು ಕಲ್ಲಾಯಿತು, ಲಾಠಿಯಾಯಿತು. ಹರಿಹರ, ದಾವಣಗೆರೆ ಎರಡೂ ಕಡೆ ನಿಷೇಧಾಜ್ಞೆ. ರಾಜ್ಯದ ಪ್ರೌಢಶಾಲೆ, ಕಾಲೇಜುಗಳಿಗೆ ಮೂರು ದಿನ ರಜೆ. 14ರಂದು ನಮ್ಮ ಶಾಲೆ ಮತ್ತೆ ತೆರೆದಾಗ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಆರು ವಾರ ಉಳಿದಿತ್ತು. ನನ್ನ ತರಗತಿಯಲ್ಲಿ ಎರಡು ಬೆಂಚು ಖಾಲಿಯಾದವು.

ಒಬ್ಬಳು ಮಂಡಕ್ಕಿ ಭಟ್ಟಿಗೆ ಕೆಲಸಕ್ಕೆ ಹೋಗುವ ತಾಯಿಯ ಮಗಳು. ಭಟ್ಟಿಯ ಹೊಗೆಯಲ್ಲಿ ಕೆಮ್ಮುತ್ತಲೇ ಆ ತಾಯಿ ಮೂವರು ಮಕ್ಕಳನ್ನು ಓದಿಸುತ್ತಿದ್ದಳು. ಹುಡುಗಿಯ ಅಕ್ಷರ ಮುತ್ತು ಪೋಣಿಸಿದ ಹಾಗೆ. ತಲೆಯ ಬಟ್ಟೆ ತೆಗೆಯದೆ ಒಳಗೆ ಬರುವಂತಿಲ್ಲ ಎಂದು ಗೇಟಿನಲ್ಲಿ ಹೇಳಿದರು, ತೆಗೆದರೆ ಓಣಿಯಲ್ಲಿ ತಲೆ ಎತ್ತುವಂತಿಲ್ಲ ಎಂದು ಮನೆಯಲ್ಲಿ ಹೇಳಿದರು. ನಾನು ಮನೆಗೆ ಹೋದೆ. ಅವಳು ಬಾಗಿಲ ಹಿಂದೆ ನಿಂತಿದ್ದಳು. ಅವಳ ಚಿಕ್ಕಪ್ಪ ನನ್ನೊಡನೆ ಬಹಳ ಗೌರವದಿಂದಲೇ ಮಾತಾಡಿದರು, ಶರಬತ್ತು ಕೊಟ್ಟರು. "ಟೀಚರಮ್ಮ, ಇದು ನಮ್ಮ ಮಾನದ ಪ್ರಶ್ನೆ" ಎಂದರು. ಅವಳಿಗೆ ಏನು ಬೇಕು ಎಂದು ನಾನು ಕೇಳಿದಾಗ ಬಾಗಿಲ ಹಿಂದಿನಿಂದ ಉತ್ತರ ಬರಲಿಲ್ಲ. ಉತ್ತರ ಕೊಡುವ ರೂಢಿಯನ್ನು ನಾವು ಯಾರೂ ಅವಳಿಗೆ ಕಲಿಸಿರಲಿಲ್ಲ.

ಇನ್ನೊಬ್ಬಳು ನಮ್ಮ ಹಿಂದೂ ಮನೆಯ ಹುಡುಗಿ. ಗಲಾಟೆಯ ದಿನ ಅವಳ ಕೊರಳಿಗೂ ಯಾರೋ ಕೇಸರಿ ಶಾಲು ಹಾಕಿದ್ದರು. ಮೊಬೈಲಿನಲ್ಲಿ ಆ ವಿಡಿಯೊ ಅಪ್ಪನ ಕೈಗೆ ಸಿಕ್ಕಿತು. ಬೀದಿಗೆ ಇಳಿದ ಹುಡುಗಿಗೆ ಗಂಡು ಸಿಗುವುದಿಲ್ಲ ಎಂಬ ಹೆದರಿಕೆಗೆ ಆ ಬೇಸಿಗೆಯಲ್ಲೇ ಗಂಡು ಗೊತ್ತು ಮಾಡಿದರು. ಶಾಲು ಹಾಕಿದವರು ಅವಳ ಓದು ನಿಂತಾಗ ಯಾರೂ ಬರಲಿಲ್ಲ. ಮಾರ್ಚ್ 15ರಂದು ಹಿಜಾಬಿನ ಬಗ್ಗೆ ಹೈಕೋರ್ಟ್ ತೀರ್ಪು ಬಂತು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ಬೇರೆ ತೀರ್ಪು ಕೊಟ್ಟರು. ಅಷ್ಟರಲ್ಲಿ ನನ್ನ ಇಬ್ಬರು ಹುಡುಗಿಯರೂ ಅಡುಗೆಮನೆ ಸೇರಿದ್ದರು.

ಹಿಜಾಬ್ ಬೇಕೋ ಬೇಡವೋ ಎಂದು ನನ್ನನ್ನು ಬಹಳ ಜನ ಕೇಳಿದ್ದಾರೆ. ತಲೆಗೆ ಬಟ್ಟೆ ಹೊದೆಯಲೇಬೇಕು ಎಂದು ಚಿಕ್ಕಪ್ಪ ಹೇಳುವುದು, ತೆಗೆಯಲೇಬೇಕು ಎಂದು ಗೇಟಿನವನು ಹೇಳುವುದು, ಎರಡೂ ನನಗೆ ಒಂದೇ ದನಿಯಾಗಿ ಕೇಳಿಸುತ್ತದೆ. ಹುಡುಗಿ ಮೊದಲು ಒಳಗೆ ಬರಲಿ, ಕೂತು ಓದಲಿ. ಬೇಕೋ ಬೇಡವೋ ಎಂದು ಹೇಳುವ ಬಾಯಿ ಅವಳಿಗೆ ಓದಿನಿಂದಲೇ ಬರಬೇಕು. ಇರಾನಿನಲ್ಲಿ ತಲೆವಸ್ತ್ರ ಸರಿಯಿಲ್ಲವೆಂದು ಹಿಡಿದೊಯ್ದ ಮಹ್ಸಾ ಅಮಿನಿ ಪೊಲೀಸರ ವಶದಲ್ಲಿದ್ದಾಗ ಕುಸಿದುಬಿದ್ದು ಸತ್ತದ್ದೂ ಅದೇ 2022ರಲ್ಲಿ. ತಾಲಿಬಾನ್ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದೂ ಅದೇ ವರ್ಷದ ಡಿಸೆಂಬರಿನಲ್ಲಿ.

ಮುತವಲ್ಲಿ ಸಾಹೇಬರೇ, 2025ರ ಏಪ್ರಿಲ್‌ನಲ್ಲಿ ನಮ್ಮದೇ ಚನ್ನಗಿರಿ ತಾಲ್ಲೂಕಿನ ತಾವರೆಕೆರೆಯಲ್ಲಿ ನಡೆದದ್ದನ್ನು ನೆನಪಿಸುತ್ತೇನೆ. ಗಂಡ ಮಸೀದಿಯಲ್ಲಿ ದೂರು ಕೊಟ್ಟ. ಹೆಂಡತಿಯನ್ನು ಕರೆಸಿದರು. ಮಸೀದಿಯ ಮುಂದೆಯೇ ಗುಂಪು ಅವಳನ್ನು ಕೋಲು, ಪೈಪುಗಳಿಂದ ಹೊಡೆಯಿತು. ವಿಡಿಯೊ ಹರಿದಾಡಿದ ಮೇಲೆ ಪೊಲೀಸರು ಆರು ಜನರನ್ನು ಬಂಧಿಸಿದರು. ಆ ವಿಡಿಯೊವನ್ನು ನಾನು ಪೂರ್ತಿ ನೋಡಲಾರದೆ ಹೋದೆ. ನನ್ನ ನೆರೆಯ ಹಿರಿಯ ಮುಸ್ಲಿಂ ಹೆಣ್ಣುಮಗಳು, ಐದು ಹೊತ್ತು ನಮಾಜು ಮಾಡುವವರು, ನನ್ನ ಮನೆಗೆ ಬಂದು ಅತ್ತರು. "ಅಲ್ಲಾಹನ ಮನೆಯ ಮುಂದೆ ಹೊಡೆದರಲ್ಲ" ಎಂದರು. ಅವರ ದುಃಖದಲ್ಲಿ ನಾಚಿಕೆಯೂ ಬೆರೆತಿತ್ತು, ಏಕೆಂದರೆ ಅದೇ ಸಂಜೆ ಟಿವಿಯಲ್ಲಿ ಈ ಘಟನೆಯನ್ನು ಇಡೀ ಸಮುದಾಯವನ್ನು ಬಯ್ಯಲು ಬಳಸುವವರು ಕೂತಿದ್ದರು. ಹೊಡೆತ ತಿಂದವಳ ಮೇಲೆ ಕನಿಕರವಿಲ್ಲದ ಆ ಬೈಗುಳವೂ ಅವಳಿಗೆ ಬಿದ್ದ ಇನ್ನೊಂದು ಏಟು. ಅದನ್ನೂ ಇಲ್ಲಿ ಬರೆದಿಡುತ್ತೇನೆ.

ಮೂಲಭೂತವಾದ ಎಂದರೆ ಮೂಲಕ್ಕೆ ಮರಳುವುದೇ ಆಗಿದ್ದರೆ ನನಗೆ ಭಯವಿರಲಿಲ್ಲ. ಇಸ್ಲಾಮಿನ ಮೂಲದಲ್ಲಿ ಬಡ್ಡಿ ನಿಷಿದ್ಧ. ನಿಕಾಹ್‌ಗೆ ಹೆಣ್ಣಿನ ಒಪ್ಪಿಗೆ ಬೇಕು, ಮದುವೆಯಲ್ಲಿ ಗಂಡ ಕೊಡುವ ಮೆಹರ್ ಅವಳದ್ದು, ಬೇಡವಾದ ಗಂಡನಿಂದ ಬಿಡುಗಡೆ ಕೇಳಲು ಖುಲಾ ಇದೆ. ಶರಣರ ಮೂಲದಲ್ಲಿ ಕಾಯಕವಿದೆ, ದಾಸೋಹವಿದೆ, ನಾಳೆಗೆಂದು ಕೂಡಿಡಬಾರದು ಎಂಬ ಕಟ್ಟುನಿಟ್ಟಿದೆ. ಐಶ್ವರ್ಯವಂತ ದೇವರ ರಾಜ್ಯ ಸೇರುವುದಕ್ಕಿಂತ ಒಂಟೆ ಸೂಜಿಕಣ್ಣಿನಲ್ಲಿ ನುಗ್ಗುವುದು ಸುಲಭ ಎಂಬ ಯೇಸುವಿನ ಮಾತು ಎಲ್ಲರಿಗೂ ಗೊತ್ತು. ಬಡ್ಡಿ ವ್ಯವಹಾರ ಮಾಡುವವನನ್ನು ಮಸೀದಿಯ ಮುಂದೆ ನಿಲ್ಲಿಸಿ ಕೇಳಿದ ಗುಂಪನ್ನು ನಾನು ಕಂಡಿಲ್ಲ. ಅತಿಯಾಗಿ ಕೂಡಿಟ್ಟವರ ಮನೆಯ ಮುಂದೆ ಭಕ್ತರ ಮೆರವಣಿಗೆ ಹೋಗಿದ್ದನ್ನೂ ಕಂಡಿಲ್ಲ. ವರದಕ್ಷಿಣೆಯನ್ನು ಒಬ್ಬರು ಉಡುಗೊರೆ ಎನ್ನುತ್ತಾರೆ, ಇನ್ನೊಬ್ಬರು ಜೋಡೆಯ ಹಣ ಎನ್ನುತ್ತಾರೆ, ಮೂರೂ ಧರ್ಮದವರು ಎಣಿಸಿ ತೆಗೆದುಕೊಳ್ಳುತ್ತಾರೆ. ಅದಕ್ಕಾಗಿ ಯಾರ ಧರ್ಮವೂ ಅಪಾಯಕ್ಕೆ ಸಿಕ್ಕಿದ ಸುದ್ದಿಯಿಲ್ಲ. ಮೂಲದ ರಾಶಿಯಿಂದ ಹೆಣ್ಣನ್ನು ಕಟ್ಟುವ ಹಗ್ಗವನ್ನಷ್ಟೇ ಹುಡುಕಿ ತೆಗೆಯುವವರಿಗೆ ಮೂಲದ ಮೇಲೆ ಪ್ರೀತಿಯಿದೆ ಎಂದು ನಾನು ಹೇಗೆ ನಂಬಲಿ?

ಈಗ ನಮ್ಮ ಕಡೆಯವರ ಮಾತು. ಇದನ್ನು ಹೇಳದೆ ಬೇರೆಯವರ ಅಂಗಳದ ಕಸ ಎತ್ತಿ ತೋರಿಸುವ ಹಕ್ಕು ನನಗಿಲ್ಲ.

ನನಗೆ ಕೆಲಸ ಸಿಕ್ಕಿದ್ದು 1986ರಲ್ಲಿ, ಚಿತ್ರದುರ್ಗ ಜಿಲ್ಲೆಯ ಒಂದು ಗೊಲ್ಲರಹಟ್ಟಿಯಲ್ಲಿ. ಸುತ್ತ ಮುಳ್ಳಿನ ಬೇಲಿ, ಒಳಗೆ ಮನೆಗಳು, ದೇವರು. ಏಳನೆಯ ತರಗತಿಯಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳು ಒಂದು ದಿನ ಬರಲಿಲ್ಲ. ಮೈನೆರೆದಿದ್ದಾಳೆ ಎಂದರು. ಹಟ್ಟಿಯ ಹೊರಗೆ ಹೊಂಗೆಮರದ ಬಳಿ ಸೋಗೆಯ ಗುಡಿಸಲು ಹಾಕಿ ಕೂರಿಸಿದ್ದರು. ನಾನು ಬಸ್ಸಿಗೆ ಹೋಗುವ ದಾರಿ ಅದೇ. ನನ್ನನ್ನು ನೋಡಿ ಅವಳು ದೂರದಿಂದಲೇ ಕೂಗಿದಳು: "ಮೇಡಂ, ಪಾಠ ಎಲ್ಲಿಗೆ ಬಂತು?"

ನಾನು ಹೋಗಿ ಅವಳ ಪಕ್ಕದಲ್ಲಿ ಕೂತು ಪುಸ್ತಕ ತೆಗೆದೆ. ಹಟ್ಟಿಗೆ ಸುದ್ದಿ ಮುಟ್ಟಿತು. ಅವಳನ್ನು ಮುಟ್ಟಿದ ನಾನು ಸ್ನಾನ ಮಾಡದೆ ಶಾಲೆಗೆ ಕಾಲಿಡುವಂತಿಲ್ಲ ಎಂದರು. ಮೂರು ದಿನ ಒಂದು ಮಗುವನ್ನೂ ಶಾಲೆಗೆ ಕಳಿಸಲಿಲ್ಲ. ಎಲ್ಲರಿಗಿಂತ ಸಿಟ್ಟಾದವಳು ಆ ಹುಡುಗಿಯ ಅಜ್ಜಿ. "ದೇವರು ಮುನಿದರೆ ಹಟ್ಟಿಗೆ ಹಾವು ಬರುತ್ತದೆ, ಆಮೇಲೆ ನೀನು ಬಂದು ಕಾಯುತ್ತೀಯಾ?" ಎಂದು ಕೇಳಿದಳು. ಅವಳೂ ಅದೇ ಮರದ ಕೆಳಗೆ ತನ್ನ ಮಕ್ಕಳನ್ನು ಹೆತ್ತು ಬಾಣಂತನ ಕಳೆದವಳು. ಆ ಕಷ್ಟ ವ್ಯರ್ಥವಾಗಿತ್ತು ಎಂದು ಒಪ್ಪಿಕೊಳ್ಳುವುದು ಅವಳಿಗೆ ಎಷ್ಟು ಕಠಿಣ ಎಂಬುದು ನನಗೆ ಆಗ, ಇಪ್ಪತ್ತೆರಡರ ವಯಸ್ಸಿನಲ್ಲಿ, ಹೊಳೆಯಲಿಲ್ಲ. ಹೆಂಗಸರೇ ಹೆಂಗಸರಿಗೆ ಶತ್ರು ಎಂದು ಬಾಯಿ ತುಂಬ ಹೇಳುವವರು ಆ ಅಜ್ಜಿಯ ಬದುಕನ್ನು ಒಮ್ಮೆ ಯೋಚಿಸಲಿ. ಹುಡುಗಿ ಮತ್ತೆ ಶಾಲೆಗೆ ಬರಲಿಲ್ಲ.

ಮೂವತ್ತೇಳು ವರ್ಷಗಳ ನಂತರ, 2023ರ ಮಳೆಗಾಲದಲ್ಲಿ, ತುಮಕೂರು ಬಳಿಯ ಗೊಲ್ಲರಹಟ್ಟಿಯೊಂದರಲ್ಲಿ ಬಾಣಂತಿಯನ್ನೂ ಕೂಸನ್ನೂ ಊರ ಹೊರಗಿನ ಗುಡಿಸಲಿನಲ್ಲಿ ಇಟ್ಟು, ಮಳೆ ಚಳಿಗೆ ಕೂಸು ತೀರಿಕೊಂಡಿತು. ಮುಟ್ಟಾದವರನ್ನು, ಬಸುರಿಯರನ್ನು ಊರ ಹೊರಗಿಡುವುದು ಅಪರಾಧ ಎಂದು 2017ರಲ್ಲಿಯೇ ರಾಜ್ಯದ ವಾಮಾಚಾರ ತಡೆ ಕಾಯ್ದೆ ಹೇಳಿದೆ. ಆದರೂ ಕೆಲವು ಹಟ್ಟಿಗಳ ಹೊರಗೆ ಸರ್ಕಾರವೇ ಹೆಂಗಸರಿಗೆಂದು ಭವನ ಕಟ್ಟಿಸಿಕೊಟ್ಟಿತು. ಮಳೆಯಲ್ಲಿ ನೆನೆಯುವವಳಿಗೆ ಸೂರು ಸಿಕ್ಕಿತು, ನಿಜ. ಆದರೆ ಸೋಗೆಯಲ್ಲಿದ್ದ ಕಟ್ಟಳೆಗೆ ಸಿಮೆಂಟು ಬಿತ್ತು ಎಂಬ ಸಂಕಟ ನನ್ನದು.

ಮಠದ ಪೂಜ್ಯರೇ, ಇಲ್ಲಿ ನಿಮ್ಮನ್ನು ಕೇಳಬೇಕು. ಎಂಟು ನೂರು ವರ್ಷಗಳ ಹಿಂದೆಯೇ ಶರಣರು ಪಂಚಸೂತಕಗಳನ್ನು, ಅಂದರೆ ಐದು ಬಗೆಯ ಮೈಲಿಗೆಯನ್ನು, ಒಪ್ಪುವುದಿಲ್ಲ ಎಂದರು. ಹುಟ್ಟಿನ ಸೂತಕವಿಲ್ಲ, ಸಾವಿನ ಸೂತಕವಿಲ್ಲ, ರಜಸ್ಸಿನ ಸೂತಕವಿಲ್ಲ. ಮುಟ್ಟಾದ ಹೆಣ್ಣೂ ಎದೆಯ ಮೇಲಿನ ಲಿಂಗವನ್ನು ಕೈಯಲ್ಲಿ ಹಿಡಿದು ಪೂಜಿಸಬಹುದು ಎಂಬ ಮಾತು ಅಂದಿನ ಲೋಕದಲ್ಲಿ ಎಷ್ಟು ದೊಡ್ಡದು! ನನ್ನ ತಾಯಿಯ ಕೊರಳಿನಲ್ಲಿ ಲಿಂಗವಿತ್ತು. ಆದರೂ ತಿಂಗಳಿಗೆ ಮೂರು ದಿನ ಅವರು ಹಿತ್ತಲ ಬಾಗಿಲಿನಿಂದ ಓಡಾಡುತ್ತಿದ್ದರು, ತಟ್ಟೆಯನ್ನು ಬೇರೆ ಇಡುತ್ತಿದ್ದರು. ಯಾವ ಜಂಗಮರೂ ನಮ್ಮ ಮನೆಗೆ ಬಂದು, ತಾಯಿ, ನಿನಗೆ ಸೂತಕವಿಲ್ಲ ಎಂದು ಹೇಳಲಿಲ್ಲ. ನೀವು ಹಟ್ಟಿಗಳಿಗೆ ಹೋಗಿ ಹೇಳಬಹುದಿತ್ತು. ಅಧಿಕಾರಿಯ ಮಾತಿಗಿಂತ ಕಾವಿಯ ಮಾತಿಗೆ ಅಲ್ಲಿ ಬೆಲೆಯಿದೆ. ಈಗಲೂ ಹೋಗಬಹುದು.

ಮಾತೆ ಮಹಾದೇವಿಯವರು ಹುಟ್ಟಿದ್ದು ಇದೇ ಚಿತ್ರದುರ್ಗ ಜಿಲ್ಲೆಯ ಸಾಸಲಹಟ್ಟಿಯಲ್ಲಿ, 1946ರಲ್ಲಿ. 1970ರಲ್ಲಿ ಅವರು ಧಾರವಾಡದಲ್ಲಿ ಪೀಠವೇರಿದಾಗ ಮೊದಲ ಮಹಿಳಾ ಜಗದ್ಗುರು ಎಂದು ನಾಡು ಬೆರಗಾಯಿತು. ಅವರ ಎಲ್ಲ ನಿಲುವುಗಳನ್ನು ನಾನು ಒಪ್ಪಿದವಳಲ್ಲ. ಆದರೆ ಅರ್ಧ ಶತಮಾನ ಕಳೆದ ಮೇಲೂ ನಮ್ಮ ಸೀಮೆಯ ದೊಡ್ಡ ಪೀಠಗಳ ಮೇಲೆ ಹೆಣ್ಣು ಕಾಣುವುದಿಲ್ಲ. ನಮ್ಮನ್ನು ಕಾಣುವುದು ಕುಂಭಮೆರವಣಿಗೆಯಲ್ಲಿ. ಸಾವಿರದ ಒಂದು ಮುತ್ತೈದೆಯರು ತಲೆಯ ಮೇಲೆ ಪೂರ್ಣಕುಂಭ ಹೊತ್ತು ಬಿಸಿಲಿನಲ್ಲಿ ನಡೆಯುತ್ತಾರೆ, ವೇದಿಕೆಯ ಮೇಲೆ ಗಂಡಸರು ಮಾಲೆ ಹಾಕಿಸಿಕೊಳ್ಳುತ್ತಾರೆ. ನನ್ನ ಸಹೋದ್ಯೋಗಿಯೊಬ್ಬರು ಗಂಡನನ್ನು ಕಳೆದುಕೊಂಡ ವರ್ಷ ಆ ಸಾಲಿನಿಂದ ಅವರನ್ನು ಮೆಲ್ಲನೆ ಬದಿಗೆ ಸರಿಸಿದರು. ಅವರು ಏನೂ ಅನ್ನದೆ ಚಪ್ಪಲಿ ಹಾಕಿಕೊಂಡು ಹೊರಟುಹೋದರು. ಅವರ ಜೊತೆ ನಾನೂ ಹೊರಡಬೇಕಿತ್ತು. ಹೊರಡಲಿಲ್ಲ. ಕುಂಭ ಹೊತ್ತು ನಡೆದೆ.

ಹರಪನಹಳ್ಳಿ ದಾರಿಯ ಉಚ್ಚಂಗಿದುರ್ಗದ ಗುಡ್ಡ ಇಲ್ಲಿಂದ ದೂರವಿಲ್ಲ. ಅಲ್ಲಿ ನಡೆಯುತ್ತಿದ್ದಂತೆ ದೇವರ ಹೆಸರಿನಲ್ಲಿ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡುವುದನ್ನು 1982ರ ಕಾನೂನು ನಿಷೇಧಿಸಿದೆ. ಅದಾದ ಮೇಲಿನ ಎರಡು ಸಮೀಕ್ಷೆಗಳಲ್ಲಿ ಸರ್ಕಾರ ರಾಜ್ಯದಲ್ಲಿ ಲೆಕ್ಕ ಹಾಕಿದ ದೇವದಾಸಿಯರು 46,660. ಅವರಲ್ಲಿ ಬಹುಪಾಲು ದಲಿತರ ಮಕ್ಕಳು ಎಂಬುದನ್ನೂ ಸೇರಿಸಿ ಓದಿ.

ನನ್ನ ಮೊದಲ ಸಂಬಳದ ಆ 1986ನ್ನು ನಾನು ಆಗಾಗ ನೆನೆಯುತ್ತೇನೆ. ಹಟ್ಟಿಗೆ ಪತ್ರಿಕೆ ಒಂದು ದಿನ ತಡವಾಗಿ ಬರುತ್ತಿತ್ತು. ಆ ವರ್ಷ ಮಾರ್ಚ್‌ನಲ್ಲಿ ಸೊರಬದ ಚಂದ್ರಗುತ್ತಿಯಲ್ಲಿ, ಭಕ್ತರು ಬೆತ್ತಲೆಯಾಗಿ ದೇವಿಯ ಗುಡಿಗೆ ಹೋಗುವ ಬೆತ್ತಲೆ ಸೇವೆ ತಡೆಯಲು ಹೋದವರ ಮೇಲೆ ಗುಂಪು ಬಿದ್ದು, ಮಹಿಳಾ ಪೊಲೀಸರನ್ನೂ ಬಿಡದೆ ಬೆತ್ತಲೆ ಮಾಡಿತು. ಇಂದೋರಿನ ವೃದ್ಧೆ ಶಾ ಬಾನೋಗೆ ತಿಂಗಳಿಗೆ 179 ರೂಪಾಯಿ 20 ಪೈಸೆ ಜೀವನಾಂಶ ಸಿಗಬೇಕೆಂದು ಹಿಂದಿನ ವರ್ಷ ಸುಪ್ರೀಂ ಕೋರ್ಟ್ ಹೇಳಿತ್ತು. ಧರ್ಮಕ್ಕೆ ಕುತ್ತು ಬಂತೆಂದು ಗಂಡಸರು ಬೀದಿಗಿಳಿದರು, 1986ರ ಮೇ ತಿಂಗಳಲ್ಲಿ ಸಂಸತ್ತು ಕಾಯ್ದೆ ತಂದು ಆ ತೀರ್ಪಿನ ಬಲ ಕುಗ್ಗಿಸಿತು. ಕೇರಳದ ಮೇರಿ ರಾಯ್, ಅಪ್ಪನ ಆಸ್ತಿಯಲ್ಲಿ ಸಿರಿಯನ್ ಕ್ರೈಸ್ತ ಹೆಣ್ಣಿಗೂ ಸಮಪಾಲು ಎಂಬ ತೀರ್ಪು ಗೆದ್ದದ್ದೂ ಆ ಫೆಬ್ರುವರಿಯಲ್ಲೇ. ಒಂದೇ ವರ್ಷ, ಮೂರು ಧರ್ಮದ ಹೆಣ್ಣುಗಳು. ಒಬ್ಬಳಿಗೆ ಬಟ್ಟೆ, ಒಬ್ಬಳಿಗೆ ಊಟ, ಒಬ್ಬಳಿಗೆ ಮನೆಯ ಪಾಲು. ಕೇಳಿದ್ದು ಅಷ್ಟೇ.

ಫಾದರ್, ಹರಿಹರದ ಆರೋಗ್ಯ ಮಾತೆಯ ಸನ್ನಿಧಿಗೆ ಪ್ರತಿ ಸೆಪ್ಟೆಂಬರ್ 8ರ ಹಬ್ಬಕ್ಕೆ ನಾನೂ ಹೋಗುತ್ತೇನೆ. ಕುಂಕುಮದವರು, ಬುರ್ಖಾದವರು, ಎಲ್ಲರೂ ಮೇಣದ ಬತ್ತಿ ಹಿಡಿದು ನಿಂತಿರುತ್ತಾರೆ. ಆ ತಾಯಿಯ ಮುಂದೆ ಪೂಜೆ ನಡೆಸುವ ಅಧಿಕಾರ ಮಾತ್ರ ಇಂದಿಗೂ ಯಾವ ಹೆಣ್ಣಿಗೂ ಇಲ್ಲ. ನಮ್ಮ ಬೆಳಗಾವಿಯ ಸವಿತಾ ಹಾಲಪ್ಪನವರ್ ನಿಮಗೆ ನೆನಪಿರಬೇಕು. ದಂತವೈದ್ಯೆ, ಮೂವತ್ತೊಂದು ವರ್ಷ. 2012ರ ಅಕ್ಟೋಬರಿನಲ್ಲಿ ಐರ್ಲೆಂಡಿನ ಆಸ್ಪತ್ರೆಯಲ್ಲಿ ಗರ್ಭ ಉಳಿಯುವುದಿಲ್ಲ ಎಂದು ಗೊತ್ತಾದ ಮೇಲೂ, ಭ್ರೂಣದ ಎದೆಬಡಿತ ಇದೆಯೆಂದು ಗರ್ಭಪಾತ ಮಾಡಲಿಲ್ಲ. ಇದು ಕ್ಯಾಥೊಲಿಕ್ ದೇಶ ಎಂಬ ಉತ್ತರ ಬಂತು. ನಂಜೇರಿ ಸತ್ತಳು. 2018ರಲ್ಲಿ ಆ ದೇಶದ ಜನ ಅವಳ ಚಿತ್ರ ಹಿಡಿದು ಬೀದಿಗೆ ಬಂದು, ಮತ ಹಾಕಿ, ಸಂವಿಧಾನವನ್ನೇ ತಿದ್ದಿದರು. ಕನ್ನಡದ ಒಂದು ಹೆಣ್ಣುಜೀವ ಹೋದ ಮೇಲೆ ಅಲ್ಲಿ ಕಣ್ಣು ತೆರೆಯಿತು.

ಕನ್ನಡದ ಲೇಖಕಿ ಬಾನು ಮುಷ್ತಾಕ್ ಅವರ ವಿಷಯ ನೋಡಿ. ಹೆಂಗಸರೂ ಮಸೀದಿಗೆ ಹೋಗಬಹುದು ಎಂದದ್ದಕ್ಕೆ 2000ದಲ್ಲಿ ಅವರದೇ ಸಮುದಾಯದವರು ಬಹಿಷ್ಕಾರ ಹಾಕಿದರು. 2025ರಲ್ಲಿ ಮೈಸೂರು ದಸರಾ ಉದ್ಘಾಟನೆಗೆ ಕರೆದಾಗ ಇವರು ಚಾಮುಂಡಿಯ ಮುಂದೆ ನಿಲ್ಲಬಾರದು ಎಂದು ಇನ್ನೊಂದು ಕಡೆಯವರು ಸುಪ್ರೀಂ ಕೋರ್ಟಿನವರೆಗೆ ಹೋದರು. ಅರ್ಜಿ ವಜಾ ಆಯಿತು, ಸೆಪ್ಟೆಂಬರ್ 22ರಂದು ಅವರು ದೇವಿಗೆ ಹೂವು ಹಾಕಿದರು. ಆ ಇಪ್ಪತ್ತೈದು ವರ್ಷಗಳ ಎರಡು ತುದಿಯಲ್ಲಿ ನಿಂತು ಬಾಗಿಲು ಅಡ್ಡಗಟ್ಟಿದ ಇಬ್ಬರೂ ಎದುರಾಳಿಗಳಂತೆ ನನಗೆ ಕಾಣುವುದಿಲ್ಲ. ಅಂದು ಆ ಸಭೆಯಲ್ಲಿ ಜೊತೆಯಾಗಿ ಚಪ್ಪಾಳೆ ತಟ್ಟಿದವರಂತೆಯೇ ಕಾಣುತ್ತಾರೆ.

ಹಿರಿಯರೇ, ದೇವರನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ನಾನು ಈಗಲೂ ಬೆಳಿಗ್ಗೆ ಲಿಂಗಪೂಜೆ ಮಾಡದೆ ನೀರು ಮುಟ್ಟುವುದಿಲ್ಲ. ಗಂಡ ಹೆಂಡತಿಯ ತಕರಾರು ನಿಮ್ಮ ಅಂಗಳಕ್ಕೆ ಬಂದರೆ ಅವಳನ್ನು ಗಂಡಸರ ಗುಂಪಿನ ನಡುವೆ ನಿಲ್ಲಿಸಬೇಡಿ ಎಂದು ಕೇಳುತ್ತಿದ್ದೇನೆ. ಅವಳ ಕಡೆಯ ಇಬ್ಬರು ಹೆಂಗಸರು ಕೂತಿರದ ಪಂಚಾಯಿತಿಯನ್ನು ನೀವೇ ನಡೆಸಬೇಡಿ, ಠಾಣೆಗೋ ನ್ಯಾಯಾಲಯಕ್ಕೋ ಕಳಿಸಿಕೊಡಿ. ದೇವಸ್ಥಾನ ಸಮಿತಿಯಲ್ಲಿ, ಜಮಾತಿನಲ್ಲಿ, ಚರ್ಚಿನ ಮಂಡಳಿಯಲ್ಲಿ ಹೆಣ್ಣುಮಕ್ಕಳನ್ನು ಕೂರಿಸಿ. ರಂಗೋಲಿಗೆ, ಪ್ರಸಾದ ಬಡಿಸುವುದಕ್ಕೆ ಕರೆದದ್ದು ಸಾಕು, ಲೆಕ್ಕಪತ್ರ ನೋಡುವುದಕ್ಕೂ ಕರೆಯಿರಿ. ಮುಂದಿನ ಕುಂಭದ ಸಾಲಿನಲ್ಲಿ ವಿಧವೆಯರೂ ಇರಲಿ. ಇದಕ್ಕೆ ಯಾವ ಕಾನೂನೂ ಬೇಕಿಲ್ಲ, ನೀವು ಒಂದು ಮಾತು ಹೇಳಿದರೆ ಆಗುತ್ತದೆ.

ಗಣೇಶನ ಹಬ್ಬಕ್ಕೆ ಮೊದಲು ಮತ್ತೆ ಶಾಂತಿ ಸಭೆ ನಡೆಯುತ್ತದೆ. ನಾವು ಐದು ಜನ ಬರುತ್ತೇವೆ. ಭಟ್ಟಿಯ ಕೆಲಸಕ್ಕೆ ಒಂದು ದಿನ ರಜೆ ಹೇಳಿ ಬರುವ ಆ ತಾಯಿ, ಒಬ್ಬ ಅಂಗನವಾಡಿ ಕಾರ್ಯಕರ್ತೆ, ಹರಿಹರದ ಕಡೆಯ ಒಬ್ಬ ಕ್ರೈಸ್ತ ನರ್ಸ್, ಅಂದು ಚಪ್ಪಲಿ ಹಾಕಿಕೊಂಡು ಹೊರಟುಹೋದ ನನ್ನ ಸಹೋದ್ಯೋಗಿ, ಮತ್ತು ನಾನು. ಭಟ್ಟಿಯ ತಾಯಿಗೆ ಮಾತಾಡಲು ಮೊದಲ ಅವಕಾಶ ಕೊಡಿ. ಅವಳ ಮಗಳು ಈ ವರ್ಷ ಖಾಸಗಿಯಾಗಿ ಪರೀಕ್ಷೆ ಕಟ್ಟಿದ್ದಾಳೆ. ಬಿಡುವಾದರೆ ಅವಳೂ ಜೊತೆಗೆ ಬರುತ್ತೇನೆ ಎಂದಿದ್ದಾಳೆ. ಹಾಗಾದರೆ ಆರು ಕುರ್ಚಿ ಬೇಕಾಗುತ್ತವೆ, ಮುಂದಿನ ಸಾಲಿನಲ್ಲಿ.

ಇಂತಿ,
ಒಬ್ಬ ನಿವೃತ್ತ ಕನ್ನಡ ಶಿಕ್ಷಕಿ
ದಾವಣಗೆರೆ